ಪಟ್ಟಿ ಕಟ್ಟಿದ ಮಂಡಿ

ಆಸ್ಪತ್ರೆಯ ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಪುಸ್ತಕ ತೆರೆದು ಕೂತಿದ್ದಳು. ಕಿವಿಯೆಲ್ಲ ಪಕ್ಕದವರ ಮೇಲಿತ್ತು. ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡದ ಜೆರ್ಸಿ ತೊಟ್ಟ ಎತ್ತರದ ಹುಡುಗಿ, ಪಟ್ಟಿ ಕಟ್ಟಿದ ಬಲಗಾಲನ್ನು ಒಂದೇ ಸಮನೆ ಕುಣಿಸುತ್ತಿದ್ದಳು. ಆ ಹುಡುಗಿಯ ಪಕ್ಕದಲ್ಲಿ ಅವಳ ಅಕ್ಕ.

“ಡಾಕ್ಟ್ರು ಏನಂದ್ರು?”

“ಆಡಬಹುದಂತೆ. ಸರ್ಟಿಫಿಕೇಟೂ ಕೊಟ್ರು.”

“ಮತ್ತ್ಯಾಕೆ ಮುಖ ಹುಳ್ಳಗಿದೆ?”

“ಅವರು ಪಟ್ಟಿ ಇರೋ ಮಂಡಿ ನೋಡಿದ್ರು, ಅಕ್ಕ. ನೋವಿರೋದು ಎಡಗಡೆ.”

“ಅಯ್ಯೋ, ಪಟ್ಟಿ ಬಲಕ್ಯಾಕೆ ಕಟ್ಟಿದೀಯ?”

“ಎದುರು ಟೀಮಿನವರು ಪಟ್ಟಿ ನೋಡಿ ಅಲ್ಲಿಗೇ ಗುದ್ದುತಾರೆ. ಅದಕ್ಕೆ ಚೆನ್ನಾಗಿರೋ ಕಾಲಿಗೆ ಕಟ್ಟೋದು.”

“ಭಲೇ! ಅವರಿಗೆ ತೋಡಿದ ಗುಂಡೀಲಿ ಡಾಕ್ಟ್ರನ್ನ ಬೀಳಿಸಿದೀಯ. ನಿನಗೆ ಬಾಯಿರಲಿಲ್ವಾ?”

“ಅವರು ಕೇಳಲಿಲ್ಲ.”

“ಹೋಗಿ ಹೇಳು.”

“ಹೇಳಿದ್ರೆ ನಾಳೆ ಯೂನಿವರ್ಸಿಟಿ ಟೀಮಿನ ಸೆಲೆಕ್ಷನ್ ಹೋಯ್ತು. ಮೂರು ವರ್ಷ ಕಾದಿದೀನಿ. ನಾಳೆ ಒಂದಿನ ತಡ್ಕೊಂಡ್ರೆ ಸಾಕು.”

“ನಾಡಿದ್ದು?”

ಕುಣಿಯುತ್ತಿದ್ದ ಕಾಲು ನಿಂತಿತು.

“ನಿನ್ನಿಷ್ಟ. ನಡಿ ಮನೆಗೆ,” ಎಂದು ಅಕ್ಕ ಎದ್ದಳು. ಹುಡುಗಿಯೂ ಎದ್ದಳು, ಎಡಗಾಲು ಊರಿದ್ದೇ ತಡ, ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ಆಮೇಲೆ ಸರ್ಟಿಫಿಕೇಟನ್ನು ಅಕ್ಕನ ಕೈಗಿಟ್ಟಳು.

“ಹಿಡ್ಕೊಂಡಿರು. ಹರಿದುಗಿರಿದು ಹಾಕಬೇಡ.”

ಯಾರು ನೋಡಿದರೂ ನೋಡಲಿ ಎನ್ನುವಂತೆ ಕುಂಟುತ್ತಲೇ ಅವಳು ಡಾಕ್ಟರ ಬಾಗಿಲ ಕಡೆಗೆ ನಡೆದಳು.