ಹಿಂದಿನ ಸೀಟಿಗೊಂದು ಹಿಡಿಕೆ

ಹೊಲಿಗೆ ಯಂತ್ರದ ಬಾಗಿದ ಶಾಫ್ಟನ್ನು ಸರಿ ಮಾಡಿಸಲು ಲೇತ್ ಅಂಗಡಿಯಲ್ಲಿ ಕಾಯುತ್ತಿದ್ದ ದರ್ಜಿಯಮ್ಮನ ಕಿವಿಗೆ, ಅದೇ ಬೆಂಚಿನಲ್ಲಿ ಕೂತಿದ್ದ ಅಪ್ಪ ಮಗಳ ಮಾತು ಬಿತ್ತು. ಮಗಳ ಕೈಯಲ್ಲಿ ಆಗಷ್ಟೇ ಕಡೆದುಕೊಟ್ಟ ಲೋಹದ ಹಿಡಿಕೆಯಿತ್ತು.

“ಇದನ್ನ ಮುಂದಿನ ಹಿಡಿಕೆಗೆ ಹೇಗಪ್ಪಾ ಸೇರಿಸ್ತೀಯ?”

“ಸೀಟಿನ ಕೆಳಗೆ ಒಂದು ಸರಳು ಹೋಗತ್ತೆ. ಒಂದನ್ನ ಎಳೆದ್ರೆ ಇನ್ನೊಂದೂ ಅಷ್ಟೇ ವಾಲತ್ತೆ.”

“ಅಂದ್ರೆ ಹಿಂದೆ ಕೂತೋರೂ ವಿಮಾನ ಹಾರಿಸಬಹುದು.”

“ಹೂಂ ಮತ್ತೆ. ಇಷ್ಟು ದಿನ ನೀನು ಹಿಂದೆ ಗೋಣಿಚೀಲದ ಹಾಗೆ ಕೂತಿರ್ತಿದ್ದೆ.”

ವಿಮಾನ ಅಂದದ್ದು ಕೇಳಿ ದರ್ಜಿಯಮ್ಮ ಸದ್ದಿಲ್ಲದೆ ಸ್ವಲ್ಪ ಹತ್ತಿರ ಸರಿದಳು.

“ಅಮ್ಮ ಏನಂದ್ಲು?”

“ಆರು ವರ್ಷ ಶೆಡ್ಡಲ್ಲಿ ಕೂತು ನೀವೇ ವಿಮಾನ ಕಟ್ಟಿದ್ದಾಯ್ತು, ಈಗ ಮತ್ತೆ ಬಿಚ್ಚಕ್ಕೆ ಶುರು ಮಾಡಿದ್ರಾ ಅಂದ್ಲು.”

“ತಪಾಸಣೆಯೋರು ಶನಿವಾರ ಒಪ್ಪಿಬಿಟ್ರೆ, ಭಾನುವಾರ ಹಿಂದಿನಿಂದ ನಾನೊಂದ್ಸಲ ತಿರುಗಿಸ್ಲಾ?”

“ಬೇಡ.”

ಮಗಳ ಮುಖ ಸಪ್ಪಗಾಯಿತು. “ಮತ್ತೆ ಇದು ಯಾರಿಗೆ?”

“ನನಗೆ. ಕಲಿಸೋನು ಹಿಂದೆ, ಕಲಿಯೋಳು ಮುಂದೆ. ಹಾರೋದು ಕಲಿಸಕ್ಕೆ ನನಗೆ ಲೈಸೆನ್ಸು ಬಂತು ಮೊನ್ನೆ.”

“ಮೊನ್ನೆನಾ? ಬಾಯಿ ಬಿಡ್ಲೇ ಇಲ್ವಲ್ಲ ನೀನು.”

“ಈ ಹಿಡಿಕೆ ಕೈಗೆ ಬರಲಿ ಅಂತಿದ್ದೆ.”

“ನಾನು ಹಾರಿಸ್ತಿರುವಾಗ ಹಿಂದಿನಿಂದ ಎಳೆದಾಡಲ್ಲ ತಾನೆ?”

“ನೀನು ತಪ್ಪಿದ್ರೆ ಮಾತ್ರ.”

ಅವಳು ಹಿಡಿಕೆಯನ್ನು ಎದೆಗವಚಿಕೊಂಡು ಎದ್ದವಳೇ ಬಾಗಿಲಿನತ್ತ ದಾಪುಗಾಲು ಹಾಕಿದಳು.

“ಮೆಲ್ಲಗೆ ನಡಿಯೇ, ವಿಮಾನ ಎಲ್ಲೂ ಹೋಗಲ್ಲ.”

“ಹೋಗತ್ತಪ್ಪಾ,” ಎಂದಿತು ರಸ್ತೆಯಿಂದ ದನಿ, “ಭಾನುವಾರ.”