ಮೇ ಮೂವತ್ತೊಂದಕ್ಕೆ ಮನೆ ಖಾಲಿ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಪಂಚಾಯಿತಿ ಅಧ್ಯಕ್ಷರಾದ ಲೊವ್ರೆಯವರೇ, ಇಷ್ಟು ಸೆಕೆಯಲ್ಲೂ ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು ಕುಳಿತಿರುವ ಪೂಜ್ಯ ಪಾದ್ರಿ ಯಾಕೊವ್ ಅವರೇ, ರಾಜಧಾನಿಯಿಂದ ದಯಮಾಡಿಸಿರುವ ಪ್ರವಾಸೋದ್ಯಮ ಇಲಾಖೆಯ ಅತಿಥಿಗಳೇ, ಮತ್ತು ದ್ವೀಪದ ನನ್ನ ಸಭಿಕ ಬಂಧುಗಳೇ,

ಅತಿಥಿಗಳ ಹಡಗು ಏಳು ಗಂಟೆಗೆ ಹೊರಡುತ್ತದೆ. ಅದಕ್ಕೂ ಮೊದಲು ಅವರಿಗೆ ಸುಟ್ಟ ಮೀನು ಬಡಿಸಬೇಕು. ಆದ್ದರಿಂದ ಚುಟುಕಾಗಿ ಮಾತಾಡಿ ಎಂದು ಲೊವ್ರೆಯವರು ನನ್ನ ಕಿವಿಯಲ್ಲಿ ಹೇಳಿದ್ದಾರೆ. ಇಪ್ಪತ್ತೆಂಟು ವರ್ಷದಿಂದ ಅವರು ನನಗೆ ಹೇಳುತ್ತಾ ಬಂದಿರುವುದೂ ಅದನ್ನೇ. ಇವತ್ತು ಸನ್ಮಾನವೂ ಸೇರಿದೆ ಅಷ್ಟೆ.

ಈಗ ತಾನೇ ನನ್ನ ಕೈಗೆ ಕೊಟ್ಟ ಈ ಪತ್ರದಲ್ಲಿ ಏನು ಬರೆದಿದೆ? 'ಹೊರಗಿನಿಂದ ಬಂದು ನಮ್ಮವಳೇ ಆದ ಶ್ರೀಮತಿ ಬೊಜೆನಾ ಅವರಿಗೆ' ಎಂದು ಬರೆದಿದೆ. ನಮ್ಮವಳು! ಮೊನ್ನೆ ಮೊನ್ನೆಯವರೆಗೆ ಮೀನಿನ ಮಾರುಕಟ್ಟೆಯಲ್ಲಿ ನಾನು ನಡೆದರೆ 'ಫುರೆಸ್ತಾ ಬಂದಳು' ಅನ್ನುತ್ತಿದ್ದಿರಿ. ಹೊರಗಿನವಳು ಬಂದಳು, ಒಳ್ಳೆಯ ಮೀನು ಒಳಗಿಡಿ! ಪರವಾಗಿಲ್ಲ, ನನಗೆ ಬೇಸರವಿಲ್ಲ. ಇತ್ತು, ಈಗಿಲ್ಲ.

ಪೋಲೆಂಡಿನ ಕಲ್ಲಿದ್ದಲ ಗಣಿಯ ಊರಿನಿಂದ ನಲವತ್ತಾರು ಪ್ರವಾಸಿಗಳ ಬಸ್ಸಿಗೆ ಗೈಡ್ ಆಗಿ ಬಂದವಳು ನಾನು. ಬಸ್ಸು ಹಿಂದಿರುಗಿತು, ನಾನು ಹಿಂದಿರುಗಲಿಲ್ಲ. ಕಾರಣ ನಿಮಗೆಲ್ಲ ಗೊತ್ತು: ದೋಣಿ ಕಟ್ಟುವ ಬಡಗಿ ತೊಂಚಿ. ಮದುವೆಯಾಗಿ ಐದನೇ ತಿಂಗಳಿಗೆ ಬೇಸಿಗೆ ಬಂತು. ಒಂದು ಬೆಳಿಗ್ಗೆ ನನ್ನ ಅತ್ತೆ ಪೆರಿನಾ ಬಾಗಿಲಲ್ಲಿ ನಿಂತು, "ಏಳು, ಹಾಸಿಗೆ ಸುತ್ತು. ಜರ್ಮನಿಯವರು ಬರ್ತಿದಾರೆ" ಅಂದರು.

"ಅತ್ತೆ, ಇದು ನಮ್ಮ ಮದುವೆ ಮಂಚ ಅಲ್ವಾ?"

"ಮಂಚದ ಮೇಲೆ ನಿನ್ನ ಹೆಸರು ಕೆತ್ತಿದೆಯಾ? ಚಳಿಗಾಲ ಪೂರ್ತಿ ಮಲಗಿದ್ದೀಯಲ್ಲ, ಸಾಲದಾ? ನಡಿ ಕೆಳಗೆ."

ಕೆಳಗೆ ಎಂದರೆ ನೆಲಮಾಳಿಗೆ. ವೈನ್ ಪೀಪಾಯಿಗಳ ನಡುವೆ ಅತ್ತೆ, ಮಾವ, ನಾನು, ತೊಂಚಿ, ಒಂದು ಬೆಕ್ಕು. ನಗುತ್ತಿದ್ದೀರಿ. ನಿಮ್ಮಲ್ಲಿ ಅರ್ಧ ಜನ ಹುಟ್ಟಿದ್ದೇ ಅಂಥ ನೆಲಮಾಳಿಗೆಯಲ್ಲಿ ಕಳೆದ ಬೇಸಿಗೆಗಳ ಫಲವಾಗಿ. ಪಾದ್ರಿಗಳು ಕ್ಷಮಿಸಬೇಕು.

ಆಗ ನನಗೆ ಸಿಟ್ಟು ಬಂದಿತ್ತು. ಆ ಸಿಟ್ಟಿನಿಂದಲೇ ಪತ್ರಿಕೆಗೆ ಅಂಕಣ ಬರೆಯಲು ಶುರು ಮಾಡಿದೆ. ಏನೆಲ್ಲ ಬರೆದೆ ಹೇಳಿ? ದೊಡ್ಡ ಹಡಗುಗಳು ಬಂದ ದಿನ ನಮ್ಮ ನಲ್ಲಿಯಲ್ಲಿ ನೀರೇಕೆ ಬರುವುದಿಲ್ಲ ಎಂದು ಬರೆದೆ. ಶಾಲೆಯಲ್ಲಿ ಹನ್ನೊಂದು ಮಕ್ಕಳು, ಊರಿನಲ್ಲಿ ಒಂಬೈನೂರು ಬಾಡಿಗೆ ಮಂಚ, ಇದು ಯಾವ ಲೆಕ್ಕ ಎಂದು ಬರೆದೆ. ನಮ್ಮವರು ಐರ್ಲೆಂಡಿಗೆ ಹೋಗಿ ತಟ್ಟೆ ತೊಳೆಯುತ್ತಾರೆ, ನಮ್ಮ ತಟ್ಟೆ ತೊಳೆಯಲು ನೇಪಾಳದಿಂದ ಜನ ಬರುತ್ತಾರೆ, ಹಾಗಾದರೆ ಈ ದೇಶದಲ್ಲಿ ಮನೆಯಲ್ಲಿರುವವರು ಯಾರು ಎಂದು ಕೇಳಿದೆ. ಪ್ರವಾಸಿಗಳು ಬರದಿದ್ದರೆ ಹಸಿವು, ಬಂದರೆ ಮಲಗಲು ಜಾಗವಿಲ್ಲ, ಮಧ್ಯದ ದಾರಿಯನ್ನು ಮಂತ್ರಿಗಳು ತೋರಿಸಲಿ ಎಂದೆ. ಮಂತ್ರಿಗಳು ತೋರಿಸಲಿಲ್ಲ. ಆದರೆ ಕಟುಕರ ಅಂಗಡಿಯ ಬಾರ್ತುಲ್ ನನಗೊಂದು ಸತ್ಯ ತೋರಿಸಿದ. "ಬೊಜೆನಕ್ಕ, ನೀನು ಬರೆಯೋದೆಲ್ಲ ನಿಜಾನೇ. ಆದ್ರೆ ಹೊರಗಿನವಳ ಬಾಯಲ್ಲಿ ಬಂದ್ರೆ ನಿಜಾನೂ ಚಾಡಿ ಥರ ಕೇಳ್ಸುತ್ತೆ ನೋಡು" ಅಂದ. ಅವನು ಇಲ್ಲೇ ಕೂತಿದ್ದಾನೆ. ಮುಖ ಮುಚ್ಚಿಕೊಳ್ಳಬೇಡ ಮಾರಾಯ, ನೀನು ಹೇಳಿದ್ದು ಸರಿಯಾಗಿತ್ತು.

ಇರಲಿ. ಸನ್ಮಾನ ಬಂದಿರುವುದು ಇವಕ್ಕಲ್ಲ. ಮೂರು ವರ್ಷದ ಹಿಂದೆ ನನ್ನ ಗಂಡ ತೀರಿಕೊಂಡ ಮೇಲೆ ಬರೆದ ಆ ಒಂದು ಲೇಖನಕ್ಕೆ. ಲೊವ್ರೆಯವರು ಈಗಷ್ಟೇ ಅದನ್ನು ಗದ್ಗದ ಕಂಠದಲ್ಲಿ ಓದಿದರು. ಬೆಳಗಿನ ಐದೂವರೆಗೆ ಒಬ್ಬ ಮನುಷ್ಯನ ಎದೆ ಹಿಡಿದುಕೊಂಡರೆ ಈ ದ್ವೀಪದಲ್ಲಿ ಒಬ್ಬ ನರ್ಸ್ ಇಲ್ಲ, ಇದು ಸರ್ಕಾರ ಮಾಡಿದ ಕೊಲೆ ಎಂದು ನಾನು ಬರೆದಿದ್ದೆ. ರಾಜಧಾನಿಯಲ್ಲಿ ಅದನ್ನು ಓದಿದರು, ಸಭೆ ಸೇರಿದರು. ದ್ವೀಪದಲ್ಲೇ ವಾಸವಿದ್ದು ಹಗಲೂ ರಾತ್ರಿ ಕರೆಗೆ ಸಿಗುವ ನರ್ಸಿನ ಹುದ್ದೆ ಮಂಜೂರಾಯಿತು. ನೀವು ಎದ್ದು ನಿಂತು ಚಪ್ಪಾಳೆ ತಟ್ಟಿದಿರಿ. ತುಂಬ ಚೆನ್ನಾಗಿ ಬರೆದಿದ್ದೆ, ನನಗೂ ಗೊತ್ತು. ಆದರೆ ಅದರಲ್ಲಿ ಒಂದು ವಾಕ್ಯ ಇಲ್ಲ. ಬರೆದು ಹೊಡೆದುಹಾಕಿದ ವಾಕ್ಯ. ಅದನ್ನು ಇವತ್ತು ಓದಿಬಿಡುತ್ತೇನೆ.

ನರ್ಸ್ ಇದ್ದಳು.

ಡುಬ್ರಾವ್ಕಾ ನಿಮಗೆಲ್ಲ ನೆನಪಿದ್ದಾಳೆ. ನಿಮ್ಮೆಲ್ಲರಿಗೂ ಸೂಜಿ ಚುಚ್ಚಿದವಳು. ಪ್ರತಿ ವರ್ಷ ಸೆಪ್ಟೆಂಬರಿನಿಂದ ಮೇ ತಿಂಗಳವರೆಗೆ ಅವಳು ನನ್ನ ಮನೆಯ ಕೆಳಗಿನ ಅಂತಸ್ತಿನಲ್ಲಿದ್ದಳು. ನಮ್ಮ ಅಡುಗೆಮನೆಯಿಂದ ಅವಳ ಬಾಗಿಲಿಗೆ ಹನ್ನೊಂದು ಮೆಟ್ಟಿಲು. ಮೇ ಮೂವತ್ತೊಂದಕ್ಕೆ ಮನೆ ಖಾಲಿ. ಜೂನಿನಿಂದ ಅದು ಪ್ರವಾಸಿಗಳಿಗೆ. ಈ ಕರಾರು ನಿಮಗೆ ನಾನು ವಿವರಿಸಬೇಕೆ? ಟೀಚರಿಗೂ ಅದೇ, ಅಂಚೆಯವನಿಗೂ ಅದೇ, ನರ್ಸಿಗೂ ಅದೇ. ಮೊದಲ ಬೇಸಿಗೆ ಅವಳು ದವಾಖಾನೆಯಲ್ಲಿ ರೋಗಿಗಳ ಮಂಚದ ಮೇಲೆ ಮಲಗಿದಳು. ಎರಡನೆಯ ಬೇಸಿಗೆ ಚರ್ಚಿನ ಉಗ್ರಾಣದಲ್ಲಿ ಮೇಣದ ಬತ್ತಿಗಳ ಜೊತೆ. ಮೂರನೆಯ ವರ್ಷ ನನ್ನ ಬಾಗಿಲಿಗೆ ಬಂದು ನಿಂತಳು.

"ಬೊಜೆನಕ್ಕ, ಈ ವರ್ಷ ಒಂದು ಇರಕ್ಕೆ ಬಿಡಿ. ಬೇಕಾದ್ರೆ ಹಿಂದಿನ ಸಣ್ಣ ಕೋಣೆ ಸಾಕು. ತೊಂಚಿ ಅಣ್ಣನ ಬಿಪಿ ಯಾಕೋ ನಂಗೆ ಸರಿ ಕಾಣ್ತಿಲ್ಲ."

ತೊಂಚಿ ನನ್ನ ಮುಖ ನೋಡಿದ. ನಾನೇನು ಹೇಳಿದೆ? "ಪಾಪ, ಬ್ರನೋದಿಂದ ಆ ಹಲ್ಲಿನ ಡಾಕ್ಟರ ಕುಟುಂಬ ಐದು ವರ್ಷದಿಂದ ಬರ್ತಿದೆ ಕಣಮ್ಮ, ಈಗ ಬೇಡ ಅಂದ್ರೆ ಏನಂದ್ಕೋತಾರೆ? ನೀನು ಮನೆಯವಳ ಥರ, ನೀನು ಅರ್ಥ ಮಾಡ್ಕೋತೀಯ" ಅಂದೆ. ಮನೆಯವಳು ಅಂದೆ ನೋಡಿ! ಹಾಗಂದು ಮನೆಯಿಂದ ಕಳಿಸಿದೆ. ಅವಳು ಆಚೆ ದಡದಲ್ಲಿ ಒಂದು ರೂಮು ಹಿಡಿದಳು. ಬೆಳಗಿನ ಮೊದಲ ಹಡಗಿಗೆ ಬರುವುದು, ಸಂಜೆಯ ಕೊನೆಯ ಹಡಗಿಗೆ ಹೋಗುವುದು. ಅದೇ ವಾರ ನಾನು ಟೀಚರುಗಳಿಗೆ ವರ್ಷಪೂರ್ತಿ ಮನೆ ಕೊಡದ ದುರಾಸೆಯ ಮಾಲೀಕರ ಬಗ್ಗೆ ಖಾರವಾದ ಅಂಕಣ ಬರೆದೆ. ಹೇಳೋದು ಶಾಸ್ತ್ರ, ಇಕ್ಕೋದು ಗಾಳ.

ಜುಲೈ ತಿಂಗಳ ಒಂದು ಗುರುವಾರ. ತೊಂಚಿ ಹೂಕುಂಡಗಳಿಗೆ ನೀರು ಹಾಕುತ್ತಿದ್ದವನು ಮೆಟ್ಟಿಲ ಮೇಲೆ ಕೂತುಬಿಟ್ಟ. ನಾನು ಹನ್ನೊಂದು ಮೆಟ್ಟಿಲು ಇಳಿದು ಬಾಗಿಲು ಬಡಿದೆ. ಡುಬ್ರಾವ್ಕಾ, ಡುಬ್ರಾವ್ಕಾ ಎಂದು ಕೂಗುತ್ತಾ ಬಡಿದೆ. ಗಾಬರಿಯಲ್ಲಿ ಮರೆತಿದ್ದೆ. ಬಾಗಿಲು ತೆರೆದವರು ಚಡ್ಡಿಯಲ್ಲಿದ್ದ ಹಲ್ಲಿನ ಡಾಕ್ಟರು. ಒಳ್ಳೆಯ ಮನುಷ್ಯ. ಎದೆ ಒತ್ತಿದರು, ಉಸಿರು ಕೊಟ್ಟರು. "ಅಮ್ಮಾ, ನಂಗೆ ಹಲ್ಲು ಮಾತ್ರ ಗೊತ್ತು" ಎಂದು ಅಳುತ್ತಾ ಒತ್ತಿದರು. ಔಷಧಿ, ಯಂತ್ರ, ಎಲ್ಲವೂ ದವಾಖಾನೆಯಲ್ಲಿತ್ತು, ಅದರ ಬೀಗದ ಕೈ ಆಚೆ ದಡದಲ್ಲಿ ಮಲಗಿದ್ದವಳ ಚೀಲದಲ್ಲಿತ್ತು. ತುರ್ತು ದೋಣಿ ಬರುವ ಹೊತ್ತಿಗೆ ಐವತ್ತು ನಿಮಿಷವಾಗಿತ್ತು. ಅವಳಿದ್ದಿದ್ದರೆ ಬದುಕುತ್ತಿದ್ದನೇ? ಗೊತ್ತಿಲ್ಲ. ಗೊತ್ತಿಲ್ಲದ ಹಾಗೆ ಮಾಡಿಟ್ಟವಳು ನಾನೇ.

ಶುಕ್ರವಾರ ಸಂಜೆ ಮಣ್ಣು ಮಾಡಿದೆವು. ಯಾಕೆ ಅಷ್ಟು ಅವಸರ ಎಂದು ರಾಜಧಾನಿಯವರು ಕೇಳಬಹುದು. ಮಾರನೆಯ ದಿನ ಶನಿವಾರ. ಶನಿವಾರ ಹಳೆಯ ಪ್ರವಾಸಿಗಳು ಹೋಗಿ ಹೊಸಬರು ಬರುವ ದಿನ, ಅವತ್ತು ನಮ್ಮಲ್ಲಿ ಯಾರ ಮದುವೆಯೂ ಇಲ್ಲ, ಯಾರ ಮಣ್ಣೂ ಇಲ್ಲ. ಶನಿವಾರ ಬೆಳಿಗ್ಗೆ ಕಪ್ಪು ಬಟ್ಟೆಯಲ್ಲೇ ನಾನು ಹಾಸಿಗೆಯ ದುಪ್ಪಟಿ ಬದಲಾಯಿಸಿದೆ. ಡಾಕ್ಟರು ಮನೆಗೆ ಹೋದ ಮೇಲೆ ಬಾಡಿಗೆ ಮನೆಗಳ ಜಾಲತಾಣದಲ್ಲಿ ನನಗೆ ಐದು ನಕ್ಷತ್ರ ಕೊಟ್ಟರು. 'ದುಃಖದಲ್ಲೂ ಉಪಚಾರಕ್ಕೆ ಕೊರತೆ ಮಾಡದ ಮನೆಯೊಡತಿ' ಎಂದು ಬರೆದರು. ಭಾನುವಾರ ಕೂತು ನಾನು ಸರ್ಕಾರವನ್ನು ಕೊಲೆಗಾರ ಎಂದು ಬರೆದೆ. ಡುಬ್ರಾವ್ಕಾ? ಶವಪೆಟ್ಟಿಗೆಯ ಪಕ್ಕ ನನ್ನ ಕೈ ಹಿಡಿದು ನಿಂತಳು, ಸೆಪ್ಟೆಂಬರಿಗೆ ಬರಲಿಲ್ಲ, ಅಷ್ಟೆ. ಅವಳು ಬೈದಿದ್ದರೆ ನನಗೆ ನೆಮ್ಮದಿಯಾಗುತ್ತಿತ್ತು.

ಸಭಿಕರೇ, ನಾನು ಗೊತ್ತಿಲ್ಲದೆ ಮಾತಾಡುವ ಹೊರಗಿನವಳಾಗಿರಲಿಲ್ಲ. ಗೊತ್ತಿದ್ದೂ ಮಾತಾಡದ ಒಳಗಿನವಳಾಗಿದ್ದೆ. ನಿಮಗೂ ಗೊತ್ತಿತ್ತು. ನೀವ್ಯಾರೂ ಬಾಯಿಬಿಡಲಿಲ್ಲ. ಯಾಕೆಂದರೆ ನಿಮ್ಮ ಕೆಳಗಿನ ಅಂತಸ್ತುಗಳಲ್ಲೂ ಒಬ್ಬೊಬ್ಬರು ಇದ್ದರು.

ನಮ್ಮ ಹೋರಾಟಕ್ಕೆ ಸಿಕ್ಕ ಹೊಸ ನರ್ಸ್ ವ್ಲಾತ್ಕಾ ಮೂರನೆಯ ಸಾಲಿನಲ್ಲಿ ಕೂತಿದ್ದಾಳೆ. ಹೋದ ಅಕ್ಟೋಬರಿನಲ್ಲಿ ಬಂದಳು. ಹುದ್ದೆ ಶಾಶ್ವತ, ಮನೆ ಮೇವರೆಗೆ. ಇವತ್ತು ತಾರೀಖು ಇಪ್ಪತ್ನಾಲ್ಕು. ಇನ್ನು ಏಳು ದಿನ. ಮನೆ ಸಿಗದಿದ್ದರೆ ರಾಜೀನಾಮೆ ಕೊಡುತ್ತೇನೆ ಎಂದು ನಿನ್ನೆ ಪಂಚಾಯಿತಿಗೆ ಬರೆದುಕೊಟ್ಟಿದ್ದಾಳೆ. ಲೊವ್ರೆಯವರು ಅದನ್ನು ಈ ಸಮಾರಂಭ ಮುಗಿದ ಮೇಲೆ ಹೇಳೋಣ ಎಂದಿದ್ದರು. ಕ್ಷಮಿಸಬೇಕು.

ಆದ್ದರಿಂದ ಒಂದೇ ಪ್ರಶ್ನೆ. ಜೂನಿನಿಂದ ಆಗಸ್ಟಿನವರೆಗೆ ಇವಳಿಗೆ ಒಂದು ಕೋಣೆ ಕೊಡುವವರು ಕೈ ಎತ್ತಿ. ಒಂಬೈನೂರು ಮಂಚದಲ್ಲಿ ಒಂದು. ನಾನು ಕಾಯುತ್ತೇನೆ. ಹಡಗು ಹೋದರೆ ಹೋಗಲಿ.

ಹಿಂದೆ ಒಂದು ಕೈ ಎದ್ದಿತು. ದೇವರು ದೊಡ್ಡವನು! ಯಾರದು? ಏನಂದಿರಿ? ಕಿಟಕಿ ತೆಗೆಯಲೇ ಎಂದು ಕೇಳುತ್ತಿದ್ದೀರಾ. ತೆಗೆಯಿರಿ, ತೆಗೆಯಿರಿ.

ಬೇರೆ ಯಾರೂ ಇಲ್ಲವೇ?

ಈಗ ಎಲ್ಲರೂ ನನ್ನ ಕೈ ನೋಡುತ್ತಿದ್ದೀರಿ. ನೋಡಿ. ಬ್ರನೋದ ಹಲ್ಲಿನ ಡಾಕ್ಟರ ಮನೆಯವರು ಜೂನ್ ಎರಡಕ್ಕೆ ಬರುತ್ತಾರೆ, ಈ ಸಲ ಮೊಮ್ಮಗುವೂ ಇದೆಯಂತೆ, ತೊಟ್ಟಿಲು ಕೇಳಿದ್ದಾರೆ, ತರಿಸಿಟ್ಟಿದ್ದೇನೆ. ನನ್ನ ಒಂದು ಕೈಯಲ್ಲಿ ನಿಮ್ಮ ಮೈಕಿದೆ, ಇನ್ನೊಂದರಲ್ಲಿ ನೀವು ಕೊಟ್ಟ ಪತ್ರವಿದೆ. ಎರಡೂ ಖಾಲಿಯಿಲ್ಲ. ಪತ್ರದಲ್ಲಿ ಬರೆದಿರುವುದು ಅಕ್ಷರಶಃ ನಿಜ, ನಾನು ನಿಮ್ಮವಳೇ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ್ದಕ್ಕೆ, ಕೊನೆಗೂ ನನ್ನನ್ನು ನಿಮ್ಮೊಳಗೆ ಸೇರಿಸಿಕೊಂಡಿದ್ದಕ್ಕೆ, ನಿಮ್ಮೆಲ್ಲರಿಗೂ ವಂದನೆಗಳು. ವ್ಲಾತ್ಕಾ, ನಿನಗೆ ಮಾತ್ರ ಬೇರೆಯಾಗಿ, ನಮಸ್ಕಾರ.