ಮೊದಲನೆಯ ತಂಬಿಗೆ

ಯುದ್ಧ ಮುಗಿದ ಮರುವರ್ಷ ಮಾಸೂರಿಗೆ ಹಿಡಿದ ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಮದಗದ ಕೆರೆ ಕೋಡಿ ಬಿದ್ದ ಸದ್ದು ಊರಿಗೆಲ್ಲ ಕೇಳುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಬಾಣಂತಿ ಶಂಕ್ರವ್ವನ ಕೋಣೆಯಲ್ಲಿ ಮೂವರು ಹೆಂಗಸರು ಅಗ್ಗಿಷ್ಟಿಗೆಯ ಸುತ್ತ ಕುಳಿತಿದ್ದರು: ಅತ್ತೆ ಚೌಡವ್ವ, ನೆರೆಮನೆಯ ಇಮಾಮಬಿ, ತಾಯಿಗೂ ಕೂಸಿಗೂ ನೀರೆರೆಯಲು ದಿನಾ ಬರುವ ಮುದುಕಿ ಗುತ್ತೆವ್ವ. ಹಳ್ಳ ಇಳಿಯಲೆಂದು ಕಾದು ಗುತ್ತೆವ್ವ ಇವತ್ತು ಬಂದದ್ದೇ ಮಧ್ಯಾಹ್ನದ ಮೇಲೆ. ತವರಿನಲ್ಲಿ ತಾಯಿ ಇಲ್ಲದ ಶಂಕ್ರವ್ವನ ಬಾಣಂತನ ಗಂಡನ ಮನೆಯಲ್ಲೇ ನಡೆದಿತ್ತು. ಒಂಬತ್ತು ದಿನದ ಕೂಸು ಮಗ್ಗುಲಲ್ಲಿ ಮಲಗಿತ್ತು.

"ಎಷ್ಟ ಶಾಣ್ಯಾ ಕೂಸು," ಎಂದಳು ಇಮಾಮಬಿ. "ಮುಂಜಾನಿಂದ ಒಂದ ದನಿ ತಗದಿಲ್ಲ."

ಬಚ್ಚಲಲ್ಲಿ ಕಾಯುತ್ತಿದ್ದ ಹಂಡೆ ಡಬ್ ಡಬ್ ಡಬ್ ಎಂದಿತು. ಶಂಕ್ರವ್ವ ಮೆಲ್ಲಗೆ ಕೇಳಿದಳು: "ಅದ್ಯಾಕ ಹಂಗ ಬಡೀತೈತ್ರಿ ಅತ್ತಿ?"

"ತಳದಾಗ ಕಬ್ಬಿಣದ ಜಂಗು ಕುಂತಿರಬೇಕು. ದೀಪಾವಳಿಗೆ ತಿಕ್ಕಿದರಾತು."

"ಅದಕ್ಕೂ ನಿಮ್ಮಂಗ ಬಾಯಿ ಬಂದೈತ್ರಿ ಚೌಡವ್ವಾರ," ಎಂದು ಇಮಾಮಬಿ ನಕ್ಕಳು. ಗುತ್ತೆವ್ವ ನಗಲಿಲ್ಲ. ಕೆಂಡ ಕೆದಕುತ್ತ, ಯಾರ ಮುಖವನ್ನೂ ನೋಡದೆ ಹೇಳತೊಡಗಿದಳು.

"ಹತ್ತ ವರ್ಷ ಆತು ಕೇಳ್ರಿ... ನಾನಾಗ ತಿಳವಳ್ಳಿಯಾಗ ಇದ್ದೆ. ಅಲ್ಲಿ ಕರಿಬಸಪ್ಪನ ಮನಿ. ಅವನ ತಾಯಿ ವೀರವ್ವ, ಹೇಣ್ತಿ ನಾಗವ್ವ. ಕಬ್ಬಿಣದ ಹಂಡೇವು, ಒಲಿಯೊಳಗ ಕುತ್ತಿಗಿ ಮಟ ಹುಗದಿದ್ರು. ಹೊಳ್ಳಿಸಿ ಚೆಲ್ಲಾಕ ಬರೂದಿಲ್ಲ, ತಿಕ್ಕಬೇಕಂದ್ರ ಭುಜದ ಮಟ ಕೈ ಇಳಿಸಬೇಕು. ಮುದುಕಿಗೆ ಜ್ವರ ಬಂದು ಹಾಸಿಗಿ ಹಿಡಿದ್ಲು, ವೈದ್ಯ ಮೈಗೆ ನೀರು ಬ್ಯಾಡ ಅಂದ. ಆಕಿ ಹಾಸಿಗಿ ಬಚ್ಚಲ ಗ್ವಾಡಿ ಮಗ್ಗಲ... ಚಳಿ, ಚಳಿ ಅಂತ ದಿನಾ ಗ್ವಾಡಿ ಮೂರ ಸಲ ಬಡಿಯಾಕಿ. ಒಂದ ತಂಬಿಗಿ ಬಿಸಿನೀರು ಹಾಕ ನಾಗವ್ವ, ಒಂದ ತಂಬಿಗಿ... ನಾಗವ್ವರ ಏನ ಮಾಡಬೇಕು? ನಾಳೆ ಹಾಕ್ತೇನ್ರಿ ಅತ್ತಿ, ಅನ್ನಾಕಿ. ಎಷ್ಟ ನಾಳೆ ಹೋದ್ವು... ಮುದುಕಿ ಹೋತು.

"ಹೆಣಕ್ಕ ಎರಿಯೂ ನೀರು ಮನಿ ಹಂಡೇವಿನಾಗ ಕಾಸ್ತಾರೇನು? ಅಂಗಳದಾಗ ಮೂರ ಕಲ್ಲಿಟ್ಟು, ಹೊಸಾ ಗಡಗ್ಯಾಗ ಕಾಸಿ, ಆ ಗಡಗಿ ಒಡದು ಬರಬೇಕು. ಆದ್ರ ಅವತ್ತ ಇಂಥಾದ್ದ ಮಳಿ, ಹೊರಗ ಉರಿ ನಿಲ್ಲವಲ್ಲದು. 'ಒಳಗ ಕಾಸ್ರಿ, ಯಾರ ನೋಡ್ತಾರ' ಅಂದ ಕರಿಬಸಪ್ಪ. ಉರಿ ಹಾಕಿದಾಕಿ ನಾನ."

ಗುತ್ತೆವ್ವ ಅಂಗೈಗಳನ್ನು ಕೆಂಡದ ಮೇಲೆ ಚಾಚಿ, ಮತ್ತೆ ಹಿಂದಕ್ಕೆಳೆದುಕೊಂಡಳು.

"ಸತ್ತ ಮನ್ಯಾಗ ವರ್ಷ ತುಂಬೂ ಮಟ ಹಬ್ಬಿಲ್ಲ. ನೀರು ತುಂಬೂ ಹಬ್ಬಕ್ಕ ಊರಾಗಿನ ಹಂಡೇವೆಲ್ಲ ಹುಣಸಿಹಣ್ಣು ಬೂದಿ ತಿಕ್ಕಿಸಿಕೊಂಡು, ಕೊಳ್ಳಾಗ ಹಿಂಡಲಕಾಯಿ ಬಳ್ಳಿ ಕಟಗೊಂಡು ಕುಂತ್ರ, ಅದೊಂದು ಹಂಗ ಉಳೀತು. ಹೆಣಕ್ಕ ಎರದು ಉಳಿದ ನೀರಿನ ಮ್ಯಾಲ ನೀರು ಸುರುವಿಕೋತ ಹೋದ್ರು... ಜಂಗು ಗೇಣುದ್ದ ಕುಂತಿತು. ನೀರು ಕೆಂಪಗಾದ್ವು. ಕಾಯಾಕ ಹತ್ತಿದ್ರ ಮೂರ ಸಲ ಬಡಿಯೂದು. ಕಮ್ಮಾರ ನೋಡಿ, ತಳದಾಗ ಕೆಸರು ಕುಂತೈತಿ, ಕೆಳಗಿನ ಕುದಿ ಮ್ಯಾಲ ಬರಾಕ ದಾರಿ ಸಿಗದ ಬಡೀತೈತಿ ಅಂದ. ಖರೇನ ಇರಬೇಕು... ಅಷ್ಟರಾಗ ನಾಗವ್ವ ತವರಾಗ ಗಂಡು ಹಡದ್ಲು. ಕೂಸಿಗೆ ಕೆಂಪನೀರು ಹೆಂಗ ಎರಿಯೂದಂತ, ಆಕಿ ಬರೂದಕಿಂತ ಮೊದಲ ತಿಕ್ಕಾಕ ನನ್ನ ಕರದ್ರು. ಮೂರ ದಿನದಿಂದ ಒಲಿಗೆ ಬೆಂಕಿ ಇಲ್ಲ, ತಂಗಿ. ಮ್ಯಾಲಿನ ನೀರು ಮಂಜಾಗಿತ್ತು. ಕೈ ತಳಾ ಮುಟ್ಟಿತು ನೋಡು... ಕೆಸರು ಬೆಚ್ಚಗಿತ್ತು. ಜ್ವರ ಬಂದ ಮೈ ಇರ್ತೈತಲ್ಲ, ಹಂಗ.

"ಬುಟ್ಟಿಗಟ್ಲೆ ತಗದು ತಿಪ್ಪಿಗೆ ಚೆಲ್ಲಿದೆ. ಮುದುಕಿ ಹಾಸಿಗೀನ ಕಸಗೊಂಡೇನಿ ಅಂತ ನನಗೇನ ಗೊತ್ತು? ನಾಗವ್ವ ಬಂದ ಮರುದಿನ ಮುಂಜಾನೆ, ನೀರು ತಿಳಿ ಅಂದ್ರ ತಿಳಿ, ಹಬಿ ಏಳಾಕತ್ತಿತ್ತು. ಮೊದಲನೇ ತಂಬಿಗಿ ಕೂಸಿಗೆ ಎರದೆ... ಹಬಿ ಬಿಸೀದು, ನೀರು ತಣ್ಣಂದು. ಕೂಸು ಅಳಲಿಲ್ಲ. ಪಾದ ತಣ್ಣಗಾದ್ವು, ಆಮ್ಯಾಲ ಮಣಕಾಲು... ಮೂರನೇ ದಿನ ಮುಗೀತು.

"ನಾಗವ್ವ ಆಮ್ಯಾಲ ಕಲತ್ಲು. ಮೊದಲನೇ ತಂಬಿಗಿ ಬಚ್ಚಲ ಮೂಲಿಗೆ ಸುರುವಿ, ಇದು ನಿಮಗ್ರಿ ಅತ್ತಿ, ಅನ್ನಾಕಿ. ಮುಂದಿನ ಎರಡು ಕೂಸು ಉಳದ್ವು. ಯುದ್ಧದಾಗ ಕಬ್ಬಿಣಕ್ಕ ಬೆಲಿ ಬಂತು, ಹಂಡೇವು ಕಿತ್ತು ಸವಣೂರ ಸಂತಿಗೆ ಹೊತಗೊಂಡು ಹೋದ್ರು... ಕುತ್ತಿಗಿಗೆ ತಾಮ್ರದ ತ್ಯಾಪಿ, ಅದಕ್ಕ ಮೂರ ಮೊಳಿ. ಕತ್ತಲದಾಗೂ ನನ್ನ ಕೈಗೆ ಗುರ್ತ ಸಿಗ್ತೈತಿ."

ಶಂಕ್ರವ್ವನ ಬೆರಳ ತುದಿಗೂ ಆ ಗುರುತು ಗೊತ್ತಿತ್ತು. ಹೋದ ವರ್ಷ ಗಂಡ ಮೈಲಾರಲಿಂಗಪ್ಪ ಸವಣೂರಿನಿಂದ ಚಕ್ಕಡಿಯಲ್ಲಿ ಹಂಡೆ ತಂದಿಳಿಸಿದಾಗ, ಹೊಸ ಸೊಸೆಯಾಗಿದ್ದ ಅವಳು ಆ ಮೊಳೆಗಳನ್ನು ಸುಮ್ಮನೆ ಎಣಿಸಿದ್ದಳು.

"ಸುಮ್ನಿರ ಗುತ್ತೆವ್ವ," ಎಂದಳು ಇಮಾಮಬಿ. "ಬಾಣಂತಿ ಮುಂದ ಇಂಥಾವು ಹೇಳ್ತಾರೇನು?"

"ಹೇಳದನ ಎಂಟ ದಿನ ಮಾಡೇನಿ. ಮೊದಲನೇ ತಂಬಿಗಿ ಮೂಲಿಗೆ ಸುರುವಿನ ಎರದೇನಿ. ಹೇಳಿದ್ರ ಯಾರ ನಂಬತಿದ್ರಿ? ಇವತ್ತ ಹಳ್ಳ ಬಂತು... ಚೌಡವ್ವಾ, ಮುಂಜಾನೆ ಕೂಸಿಗೆ ಯಾರ ಎರದ್ರಿ?"

"ನಾನ," ಎಂದಳು ಚೌಡವ್ವ. ಅವಳ ದನಿ ಸಣ್ಣದಾಗಿತ್ತು. "ನೀರು ಚಂದಾಗಿ ಕಾದಿದ್ವು. ಹಬಿ ಬರಾಕತ್ತಿತ್ತು."

"ಕೂಸು ಅತ್ತಿತೇನು?"

ಶಂಕ್ರವ್ವ ಕೌದಿಯೊಳಗೆ ಕೈ ಇಳಿಸಿ ಪುಟ್ಟ ಪಾದಗಳನ್ನು ಹುಡುಕಿದಳು. ಸಿಕ್ಕವು. ಎರಡನ್ನೂ ಒಂದೇ ಅಂಗೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ತನ್ನ ಕೌದಿಯನ್ನೆಳೆದು ಅದರ ಮೇಲೆ ಹೊದಿಸಿದಳು, ಆಮೇಲೆ ಕಂಬಳಿ, ಆಮೇಲೆ ತನ್ನ ಸೆರಗು.

"ಹೊದಿಕಿಂದ ಆಗೂದಲ್ಲ ತಂಗಿ ಅದು," ಎಂದಳು ಗುತ್ತೆವ್ವ, ಬಚ್ಚಲ ಕಡೆ ಕಿವಿಗೊಟ್ಟು. "ಆಗಳೆ ಬಡೀತಿದ್ಲು. ಈಗ ನೋಡು... ಬೆಚ್ಚಗಾಗಿ ಸುಮ್ಮನಾಗ್ಯಾಳ."